ಏಳನೇ ತಿಂಗಳಲ್ಲಿ ಕಂದು ಹಾಕುತ್ತಿರುವ ಹಸುಗಳು: ಕೊಟ್ಟಿಗೆಯಲ್ಲಿ ಉಳಿದವನ್ನು ಕಾಪಾಡುವುದು ಹೇಗೆ?

ಪ್ರಶ್ನೆ: ನಾಗಮಂಗಲ ತಾಲ್ಲೂಕಿನ ಹೈನುಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯಲ್ಲಿ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿಯ ಎಂಟು ಹಸುಗಳೂ ಮೂರು ಹೆಣ್ಣು ಕರುಗಳೂ ಇವೆ. ಒಂದೂವರೆ ಎಕರೆ ರಾಗಿ ಹೊಲವನ್ನು ಬಿಟ್ಟರೆ ಡೇರಿಗೆ ಹಾಕುವ ಹಾಲೇ ನಮ್ಮ ಮನೆಯ ಆದಾಯ.

ದೀಪಾವಳಿಯ ಹೊತ್ತಿಗೆ ಒಂದು ಹಸು ಏಳು ತಿಂಗಳ ಗಬ್ಬದಲ್ಲಿ ಕಂದು ಹಾಕಿತು, ಅಂದರೆ ಗಬ್ಬ ಹೋಯಿತು. ಹಿಂದಿನ ರಾತ್ರಿಯವರೆಗೂ ಅದು ಮೇವು ಬಿಟ್ಟಿರಲಿಲ್ಲ, ಮೈ ಬಿಸಿ ಇರಲಿಲ್ಲ, ಜಾರಿ ಬಿದ್ದದ್ದನ್ನೂ ಯಾರೂ ಕಂಡಿಲ್ಲ. ಕಸ (ಕರುವಿನ ಹಿಂದೆ ಬೀಳಬೇಕಾದ ಮಾಸು) ತಾನಾಗಿ ಬೀಳದೆ ಮೂರನೆಯ ದಿನ ತುಂಡುತುಂಡಾಗಿ ಬಂತು. ಅದು ದಪ್ಪಗೆ ತೊಗಲಿನಂತಿತ್ತು, ಮೇಲೆ ಹಳದಿ ಮಿಶ್ರಿತ ಕಂದು ಬಣ್ಣದ ಲೋಳೆ ಮೆತ್ತಿಕೊಂಡಿತ್ತು. ಸಂಕ್ರಾಂತಿ ಕಳೆದ ಮೇಲೆ ಅದರ ಪಕ್ಕದಲ್ಲಿ ಕಟ್ಟುತ್ತಿದ್ದ ಹಸು ಎಂಟನೇ ತಿಂಗಳಲ್ಲಿ ಕಂದು ಹಾಕಿತು. ಮೂರನೆಯದು ದಿನ ತುಂಬಿಯೇ ಈಯಿತಾದರೂ ಕರು ಎದ್ದು ನಿಲ್ಲುವಷ್ಟು ಶಕ್ತಿಯಿಲ್ಲದೆ ಎರಡು ದಿನದಲ್ಲಿ ಸತ್ತಿತು, ಅದರ ಕಸವೂ ನಿಂತಿತು. ಇದಲ್ಲದೆ ಇನ್ನೊಂದು ಹಸು ಇಪ್ಪತ್ತೊಂದು ದಿನಕ್ಕೆ ಸರಿಯಾಗಿ ಬೆದೆಗೆ ಬರುತ್ತಿದೆ, ಪ್ರತಿ ಸಲವೂ ಗಬ್ಬ ಕಟ್ಟಿಸುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸುತ್ತಿದ್ದೇವೆ, ಗಬ್ಬ ಮಾತ್ರ ನಿಲ್ಲುತ್ತಿಲ್ಲ.

ಮೊದಲು ಕಂದು ಹಾಕಿದ ಹಸುವನ್ನು ಕಳೆದ ವರ್ಷ ಹೊರ ಜಿಲ್ಲೆಯ ಸಂತೆಯಿಂದ ತಂದದ್ದು. ಊರಿನಲ್ಲಿ ಕೆಲವರು ದೃಷ್ಟಿ ಎನ್ನುತ್ತಾರೆ, ಕೆಲವರು ಮೇವಿನಲ್ಲಿ ಏನೋ ಸೇರಿದೆ ಎನ್ನುತ್ತಾರೆ. ಆ ಹಸು ಈಗ ನೋಡಲು ಗಟ್ಟಿಮುಟ್ಟಾಗಿದ್ದು ಮತ್ತೆ ಬೆದೆಗೂ ಬಂದಿದೆ. ದಲ್ಲಾಳಿಯೊಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ, ಕೊಟ್ಟುಬಿಡಿ ಎಂದು ನೆಂಟರೂ ಒತ್ತಾಯಿಸುತ್ತಿದ್ದಾರೆ. ಇದು ಕಂದು ರೋಗವೇ? ಆ ಹಸುವಿಗೆ ಮತ್ತೆ ಇಂಜೆಕ್ಷನ್ ಕೊಡಿಸಬಹುದೇ, ಮಾರಬಹುದೇ, ಅದರ ಹಾಲನ್ನು ಬಳಸಬಹುದೇ? ನನ್ನ ತಮ್ಮ ಕಸ ತೆಗೆಯಲು ಬರಿಗೈ ಹಾಕಿದ್ದ. ಅವನಿಗೆ ಈಗ ಕೆಲವು ವಾರಗಳಿಂದ ಸಂಜೆಯಾದರೆ ಜ್ವರ, ಸೊಂಟನೋವು. ಅವನ ಹೆಂಡತಿ ತುಂಬು ಗರ್ಭಿಣಿ, ಹಾಲು ಕರೆಯುವವರು ಅವರೇ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಪಶುವೈದ್ಯ, ಹಾಸನ ಜಿಲ್ಲೆ

ತಮ್ಮ ಪ್ರಶ್ನೆಯ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಎಲ್ಲಕ್ಕಿಂತ ತುರ್ತಿನದು. ತಮ್ಮ ತಮ್ಮನವರನ್ನು ನಾಳೆಯೇ ವೈದ್ಯರಿಗೆ ತೋರಿಸಿ, ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಮುಟ್ಟಿದ್ದಾರೆ ಎಂಬುದನ್ನು ತಾವಾಗಿಯೇ ಹೇಳಿ. ವೈದ್ಯರು ಕೇಳಲಿ ಎಂದು ಕಾಯಬೇಡಿ. ಅವರ ಪತ್ನಿಯವರು ಇಂದಿನಿಂದಲೇ ಕೊಟ್ಟಿಗೆಯ ಕೆಲಸದಿಂದ ದೂರವಿರಲಿ.

ತಾವು ವಿವರಿಸಿದ ಲಕ್ಷಣಗಳಿಗೆ ಮೊದಲು ಅನುಮಾನಿಸಬೇಕಾದದ್ದು ಕಂದು ರೋಗವನ್ನೇ, ಅಂದರೆ ಬ್ರುಸೆಲ್ಲೋಸಿಸ್. ಹಸು ಮೇಲ್ನೋಟಕ್ಕೆ ಆರೋಗ್ಯವಾಗಿದ್ದೂ ಐದಾರು ತಿಂಗಳು ದಾಟಿದ ಗಬ್ಬ ಹೋಗುವುದು, ಕಸ ನಿಲ್ಲುವುದು, ಮಾಸು ದಪ್ಪಗಾಗುವುದು, ಹೊಸದಾಗಿ ತಂದ ಹಸುವಿನಿಂದ ಶುರುವಾಗಿ ಪಕ್ಕದ ಹಸುವಿಗೆ ಹಬ್ಬುವುದು, ದಿನ ತುಂಬಿ ಹುಟ್ಟಿದ ಕರುವೂ ನಿಶ್ಶಕ್ತವಾಗಿ ಸಾಯುವುದು, ಇವೆಲ್ಲ ಒಂದೇ ಕೊಟ್ಟಿಗೆಯಲ್ಲಿ ಸೇರಿ ಬಂದರೆ ಅನುಮಾನ ಬಲವಾಗುತ್ತದೆ. ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬ್ಯಾಂಗ್ ಅವರು ಹಸುಗಳ ಈ ಗರ್ಭಪಾತಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಗುರುತಿಸಿದ್ದು 1897ರಲ್ಲಿ. ಇಂದು ಅದನ್ನು ಬ್ರುಸೆಲ್ಲಾ ಅಬಾರ್ಟಸ್ ಎಂದು ಕರೆಯುತ್ತಾರೆ. ಗಬ್ಬದ ಕೊನೆಯ ತಿಂಗಳುಗಳಲ್ಲಿಯೇ ಇದು ಏಕೆ ಹೊಡೆತ ಕೊಡುತ್ತದೆ ಎಂಬುದಕ್ಕೂ ಕಾರಣವಿದೆ. ಹಸುವಿನ ಮಾಸಿನಲ್ಲಿ ಎರಿಥ್ರಿಟಾಲ್ ಎಂಬ, ಸಕ್ಕರೆಯ ಜಾತಿಗೆ ಸೇರಿದ ವಸ್ತುವೊಂದು ಇರುತ್ತದೆ, ಈ ಬ್ಯಾಕ್ಟೀರಿಯ ಅದನ್ನು ಬಳಸಿಕೊಂಡು ಬಹಳ ಬೇಗ ಹೆಚ್ಚುತ್ತದೆ. ಮಾಸು ಉರಿಯೂತದಿಂದ ಹಾಳಾದಾಗ ಕರುವಿಗೆ ಹೋಗುವ ರಕ್ತವೂ ಪೋಷಣೆಯೂ ನಿಂತು ಗಬ್ಬ ಹೋಗುತ್ತದೆ.

ಆದರೂ ಅನುಮಾನವನ್ನೇ ತೀರ್ಪು ಎಂದುಕೊಳ್ಳಬಾರದು. ನಮ್ಮ ಭಾಗದ ಮಿಶ್ರತಳಿ ಹಸುಗಳಲ್ಲಿ ಉಣ್ಣೆ ಹುಳುಗಳಿಂದ ಹರಡುವ ಥೈಲೇರಿಯಾ ಜ್ವರ ಬಂದಾಗಲೂ ಗಬ್ಬ ಹೋಗುತ್ತದೆ. ಅಲ್ಲಿ ತೀವ್ರ ಜ್ವರವೂ ರಕ್ತಹೀನತೆಯೂ ಎದ್ದು ಕಾಣುತ್ತವೆ. ಮೇವಿನ ಕೋಣೆಯಲ್ಲಿ ಇಲಿಗಳ ಕಾಟವಿದ್ದರೆ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯವನ್ನು ಮರೆಯುವಂತಿಲ್ಲ. ಅದು ಮೂತ್ರದ ಮೂಲಕ ನೀರಿಗೆ, ಮೇವಿಗೆ ಸೇರುತ್ತದೆ. ಕೆಲವೊಮ್ಮೆ ಗಬ್ಬ ಹೋಗುವ ಮೊದಲು ನಾಲ್ಕೂ ಮೊಲೆಗಳ ಹಾಲು ಒಮ್ಮೆಲೇ ಕುಸಿದು ದಪ್ಪಗೆ ಹಳದಿಯಾಗುತ್ತದೆ, ಆದರೆ ಕೆಚ್ಚಲು ಬಾವಿನಲ್ಲಿ ಆಗುವಂತೆ ಕೆಚ್ಚಲು ಗಟ್ಟಿಯಾಗದೆ ಮೆತ್ತಗೇ ಇರುತ್ತದೆ. ಕೆಟ್ಟ ರಸಮೇವು (ಸೈಲೇಜ್) ತಿನ್ನಿಸಿದಲ್ಲಿ ಲಿಸ್ಟೀರಿಯಾ, ಊರಿನ ಹೋರಿ ಕೊಡಿಸಿದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಸೋಂಕನ್ನೂ ಪರಿಗಣಿಸಬೇಕಾಗುತ್ತದೆ. ಆದ್ದರಿಂದ ಪರೀಕ್ಷೆಯೇ ದಾರಿ.

ತಮ್ಮ ಪಶು ಆಸ್ಪತ್ರೆಯ ವೈದ್ಯರಿಗೆ ವಿಷಯ ತಿಳಿಸಿ ಎಲ್ಲ ಎಂಟು ಹಸುಗಳ ರಕ್ತವನ್ನೂ ತೆಗೆಸಿ. ಕಂದು ಹಾಕಿದ ಹಸುವಿನದಷ್ಟೇ ಸಾಲದು. ರಕ್ತದಿಂದ ಬೇರ್ಪಟ್ಟ ತಿಳಿ ಸೀರಂನ ಒಂದು ಹನಿಯನ್ನು ಸತ್ತ ಬ್ರುಸೆಲ್ಲಾ ಬ್ಯಾಕ್ಟೀರಿಯದಿಂದ ಮಾಡಿದ ಗುಲಾಬಿ ಬಣ್ಣದ ಆ್ಯಂಟಿಜೆನ್‌ನ ಒಂದು ಹನಿಯೊಂದಿಗೆ ಗಾಜಿನ ಫಲಕದ ಮೇಲೆ ಬೆರೆಸಿ ನಾಲ್ಕು ನಿಮಿಷ ಮೆಲ್ಲಗೆ ಅಲುಗಾಡಿಸಿದಾಗ, ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳಿದ್ದರೆ ಬಣ್ಣ ಒಡೆದು ಸಣ್ಣ ಸಣ್ಣ ಹರಳುಗಳು ಕಣ್ಣಿಗೇ ಕಾಣುತ್ತವೆ. ಇದನ್ನು ರೋಸ್ ಬೆಂಗಾಲ್ ಪರೀಕ್ಷೆ ಎನ್ನುತ್ತಾರೆ. ಇದರಲ್ಲಿ ಪಾಸಿಟಿವ್ ಬಂದ ಮಾದರಿಗಳನ್ನು ಪ್ರತಿಕಾಯಗಳನ್ನೇ ಪ್ರಯೋಗಾಲಯದಲ್ಲಿ ಅಳೆಯುವ ಎಲೈಸಾ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ, ಇಲ್ಲವೇ ಯಲಹಂಕದ ಬಳಿ ಇರುವ, ಪಶುರೋಗಗಳ ಬಗ್ಗೆ ಸಂಶೋಧನೆ ನಡೆಸುವ ರಾಷ್ಟ್ರೀಯ ಸಂಸ್ಥೆ ನಿವೇದಿಗೆ ಮಾದರಿಗಳನ್ನು ಕಳುಹಿಸುವ ವ್ಯವಸ್ಥೆಯನ್ನು ತಮ್ಮ ವೈದ್ಯರೇ ಮಾಡಬಲ್ಲರು. ಒಂದು ಎಚ್ಚರಿಕೆ: ಕಂದು ಹಾಕಿದ ದಿನವೇ ತೆಗೆದ ರಕ್ತದಲ್ಲಿ ಪ್ರತಿಕಾಯಗಳು ಇನ್ನೂ ಏರಿರದೆ ಪರೀಕ್ಷೆ ನೆಗೆಟಿವ್ ಬರಬಹುದು, ಮೂರು ವಾರಗಳ ನಂತರ ಮತ್ತೆ ತೆಗೆಸಬೇಕು. ಮುಂದೆ ಯಾವುದಾದರೂ ಹಸು ಕಂದು ಹಾಕಿದರೆ ಕರುವನ್ನೂ ಕಸವನ್ನೂ ಹೂಳುವ ಮೊದಲು ವೈದ್ಯರಿಗೆ ಫೋನ್ ಮಾಡಿ, ಏಕೆಂದರೆ ಕರುವಿನ ಹೊಟ್ಟೆಯೊಳಗಿನ ದ್ರವವೂ ಮಾಸಿನ ಮೇಲಿನ ಗುಂಡಿಯಂಥ ಗಂಟುಗಳೂ ರಕ್ತಕ್ಕಿಂತ ಸ್ಪಷ್ಟವಾದ ಸಾಕ್ಷಿ ಕೊಡುತ್ತವೆ.

ಇನ್ನು ಬೆದೆಯ ಮಾತು. ಕಂದು ರೋಗದ ಹಸು ಸಾಮಾನ್ಯವಾಗಿ ಒಮ್ಮೆ ಕಂದು ಹಾಕುತ್ತದೆ, ಮುಂದಿನ ಗಬ್ಬಗಳು ದಿನ ತುಂಬಬಹುದು. ಇದೇ ಈ ರೋಗದ ಮೋಸ. ರೈತರು ಹಸು ವಾಸಿಯಾಯಿತೆಂದು ತಿಳಿಯುತ್ತಾರೆ. ಬ್ಯಾಕ್ಟೀರಿಯ ಕೆಚ್ಚಲಿನಲ್ಲಿ, ದುಗ್ಧಗ್ರಂಥಿಗಳಲ್ಲಿ ಜೀವಕೋಶಗಳ ಒಳಗೇ ಅಡಗಿ ಕುಳಿತಿರುತ್ತದೆ, ಆಗಾಗ ಹಾಲಿನಲ್ಲಿ ಇಳಿಯುತ್ತದೆ, ಪ್ರತಿ ಈಯುವಿಕೆಯಲ್ಲೂ ಗರ್ಭದ ನೀರು ಮತ್ತು ಕಸದ ಜೊತೆ ಅಪಾರ ಪ್ರಮಾಣದಲ್ಲಿ ಹೊರಬೀಳುತ್ತದೆ. ಜೀವಕೋಶದ ಒಳಗೆ ಕುಳಿತಿರುವುದರಿಂದಲೇ ಆ್ಯಂಟಿಬಯೋಟಿಕ್ ಕೊಟ್ಟು ಹಸುವನ್ನು ಇದರಿಂದ ಬಿಡಿಸುತ್ತೇವೆ ಎನ್ನುವ ಮಾತು ನಂಬುವಂಥದ್ದಲ್ಲ. ಆ ದುಡ್ಡನ್ನು ಖರ್ಚು ಮಾಡಬೇಡಿ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಆ ಹಸುವಿಗೆ ಇಂಜೆಕ್ಷನ್ ಕೊಡಿಸುವುದು ಬೇಡ. ಊರಿನ ಹೋರಿಗಂತೂ ಖಂಡಿತ ಬಿಡಬೇಡಿ.

ಮಾರಾಟದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಮಾರಬೇಡಿ. ತಮ್ಮ ಕೊಟ್ಟಿಗೆಗೆ ಈ ರೋಗ ಬಂದ ದಾರಿ ಬಹುಶಃ ಅದೇ. ಯಾರೋ ಒಬ್ಬರು ನೋಡಲು ಚೆನ್ನಾಗಿರುವ, ಹಾಲು ಕೊಡುವ, ಗಬ್ಬದ ಹಸುವನ್ನು ಸಂತೆಗೆ ಹೊಡೆದರು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕೆ 2009ರಲ್ಲಿ ಬಂದ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಬ್ರುಸೆಲ್ಲೋಸಿಸ್ ಸೇರಿದೆ, ಅನುಮಾನ ಬಂದಾಗ ತಿಳಿಸುವ ಹೊಣೆಯನ್ನು ಅದು ಮಾಲೀಕರ ಮೇಲೂ ಹೊರಿಸುತ್ತದೆ. ಕಾಯ್ದೆಯನ್ನು ಬದಿಗಿಟ್ಟರೂ, ಕೊಂಡುಕೊಂಡವರ ಮನೆಯಲ್ಲಿಯೂ ಹಾಲು ಕರೆಯುವ ಒಬ್ಬ ಹೆಣ್ಣುಮಗಳು ಇರುತ್ತಾರೆ ಎಂಬುದನ್ನು ನೆನೆಯಬೇಕು.

ಉತ್ತರ: ಮಾಲೂರಿನ ಹಾಲು ಉತ್ಪಾದಕಿ

ಅಣ್ಣ, ವೈದ್ಯರು ಹೇಳಿದ್ದು ಅಕ್ಷರಶಃ ಸರಿ. ಕೋಲಾರದ ಕಡೆ ಡೇರಿ ನಂಬಿ ಬದುಕುವ ನಮ್ಮಂಥವರ ಎಷ್ಟೋ ಕೊಟ್ಟಿಗೆಗಳಲ್ಲಿ ಇದೇ ನಡೆದಿದೆ, ನಮ್ಮ ಮನೆಯಲ್ಲೂ ನಡೆದಿದೆ. ಪ್ರಯೋಗಾಲಯದ ಮಾತನ್ನು ಅವರಿಗೇ ಬಿಟ್ಟು ಕೊಟ್ಟಿಗೆಯೊಳಗೆ ಮಾಡಬೇಕಾದ ಕೆಲಸದ ಬಗ್ಗೆ ನಾನು ಬರೆಯುತ್ತೇನೆ.

ಕಂದು ಹಾಕಿದ ಹಸುವನ್ನೂ ಈಯಲು ಹತ್ತಿರವಿರುವ ಹಸುವನ್ನೂ ಒಂದೇ ಸಾಲಿನಲ್ಲಿ ಕಟ್ಟಬೇಡಿ. ಬೇರೆ ಕೊಟ್ಟಿಗೆ ಕಟ್ಟಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನಾವು ಹಿತ್ತಿಲಿನ ಹುಣಸೆ ಮರದ ಕೆಳಗೆ ನಾಲ್ಕು ಕಲ್ಲುಕಂಬ ನೆಟ್ಟು, ಮೇಲೆ ತಗಡು ಹೊದಿಸಿ, ನೆಲಕ್ಕೆ ಕಾಂಕ್ರೀಟ್ ಹಾಕಿ, ಗಂಜಲ ಮತ್ತು ನೀರು ಉಳಿದ ದನಗಳ ಕಡೆ ಹರಿಯದಂತೆ ಇಳಿಜಾರು ಕೊಟ್ಟೆವು. ಈಯುವ ಹಸುವನ್ನು ಒಂದೆರಡು ವಾರ ಮುಂಚೆಯೇ ಅಲ್ಲಿಗೆ ಕಟ್ಟುತ್ತೇವೆ, ಈದ ಮೇಲೆ ಸೋರುವುದು ಪೂರ್ತಿ ನಿಂತ ನಂತರವೇ ಒಳಗೆ ತರುತ್ತೇವೆ. ಅಲ್ಲಿಯ ಬಕೆಟ್, ಪೊರಕೆ, ಹಗ್ಗ ಕೊಟ್ಟಿಗೆಯೊಳಕ್ಕೆ ಬರುವುದಿಲ್ಲ. ಹಾಲು ಕರೆಯುವಾಗಲೂ ಆರೋಗ್ಯವಾಗಿರುವ ಹಸುಗಳನ್ನು ಮೊದಲು ಕರೆದು, ಅನುಮಾನವಿರುವುದನ್ನು ಕೊನೆಗೆ ಕರೆಯುತ್ತೇವೆ.

ಕಸದ ವಿಷಯದಲ್ಲಿ ನಮ್ಮ ಹಳ್ಳಿಗಳ ರೂಢಿಯೇ ಅಪಾಯಕಾರಿಯಾಗಿದೆ. ನೇತಾಡುವ ಕಸಕ್ಕೆ ಹಳೆಯ ಚಪ್ಪಲಿಯನ್ನೋ ಕಲ್ಲನ್ನೋ ಕಟ್ಟುತ್ತಾರೆ, ಕೈ ಹಾಕಿ ಎಳೆಯುತ್ತಾರೆ, ಬಿದ್ದ ಮೇಲೆ ತಿಪ್ಪೆಗೆ ಎಸೆಯುತ್ತಾರೆ, ಇಲ್ಲವೇ ಹಾಲು ಬರುವ ಮರಕ್ಕೆ ಕಟ್ಟುತ್ತಾರೆ. ನಾಯಿ ಅದನ್ನು ಎಳೆದುಕೊಂಡು ಊರಿಡೀ ಓಡಾಡುತ್ತದೆ, ಅದು ಎಳೆದಾಡಿದ ಜಾಗದ ಹುಲ್ಲನ್ನೇ ಮಾರನೆಯ ದಿನ ಇನ್ನೊಬ್ಬರ ದನ ಮೇಯುತ್ತದೆ. ಕೈಗೆ ಮೊಣಕೈವರೆಗಿನ ಗವಸು ಹಾಕಿಕೊಂಡು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಆಳವಾದ ಗುಂಡಿ ತೋಡಿ ಸುಣ್ಣ ಸುರಿದು ಹೂಳಿ. ಹಸು ಮಲಗಿದ್ದ ಜಾಗದ ಹುಲ್ಲನ್ನು ಸುಟ್ಟುಹಾಕಿ. ನೆಲದ ಸಗಣಿ ಲೋಳೆಯನ್ನು ಚೆನ್ನಾಗಿ ಕೆರೆದು ತೆಗೆದ ಮೇಲೆಯೇ ಬ್ಲೀಚಿಂಗ್ ಪೌಡರ್ ನೀರನ್ನು ಹಾಕಿ, ಏಕೆಂದರೆ ಸಗಣಿಯ ಮೇಲೆ ಸುರಿದ ಔಷಧಿ ಕೆಲಸ ಮಾಡುವುದಿಲ್ಲ.

ಸಂತೆಗೆ ಹೊಡೆಯುವ ಮಾತು ನಮ್ಮ ಮನೆಯಲ್ಲೂ ಬಂದಿತ್ತು. ಸಾಲ ಇರುವವರಿಗೆ ಅದು ಸುಲಭವಾಗಿ ಬಿಡುವ ಮಾತಲ್ಲ ಎಂಬುದು ನನಗೆ ಗೊತ್ತು. ಪರೀಕ್ಷೆಯಲ್ಲಿ ರೋಗ ಇದೆ ಎಂದಾದ ಹಸುವನ್ನು ನಾವು ಮತ್ತೆ ಗಬ್ಬ ಕಟ್ಟಿಸಲಿಲ್ಲ. ಕಂದು ಹಾಕಿದ ಮೇಲೂ ಅದು ಹಾಲಿಗೆ ಇಳಿದಿತ್ತು. ಹಾಲು ಬತ್ತುವವರೆಗೆ ಬೇರೆಯಾಗಿ ಇಟ್ಟುಕೊಂಡು ಕರೆದೆವು, ಆಮೇಲೆ ಕೊಟ್ಟಿಗೆಯಿಂದ ದೂರ ಕಟ್ಟಿ ಸಾಕಿದೆವು. ನಷ್ಟವಾಯಿತು, ನಿಜ. ಆದರೆ ಉಳಿದವು ಉಳಿದುಕೊಂಡವು. ಹೊಸ ಹಸು ತರುವಾಗ ಈಗ ರಕ್ತ ಪರೀಕ್ಷೆಯ ಚೀಟಿ ನೋಡದೆ ನಾವು ಮುಂಗಡ ಕೊಡುವುದಿಲ್ಲ, ತಂದ ಮೇಲೂ ಒಂದು ತಿಂಗಳು ಬೇರೆ ಕಟ್ಟಿ ಮತ್ತೊಮ್ಮೆ ರಕ್ತ ತೆಗೆಸುತ್ತೇವೆ. ಮಾರುವವರು ಮುಖ ಸಿಂಡರಿಸಿದರೆ ಆ ವ್ಯಾಪಾರವೇ ನಮಗೆ ಬೇಡ.

ಉತ್ತರ: ಸಾಮಾನ್ಯ ವೈದ್ಯ, ಮೈಸೂರು

ಮನುಷ್ಯರ ವೈದ್ಯನಾಗಿ ನಾನು ಒಂದೆರಡು ಮಾತು ಸೇರಿಸಬೇಕು. ಸಂಜೆಗೆ ಏರುವ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಸೊಂಟ ಮತ್ತು ಕೀಲುಗಳ ನೋವು, ಯಾವ ಕೆಲಸಕ್ಕೂ ಮನಸ್ಸಿಲ್ಲದಂಥ ಸುಸ್ತು, ಗಂಡಸರಲ್ಲಿ ಕೆಲವೊಮ್ಮೆ ವೃಷಣದ ಊತ, ಇವು ಬ್ರುಸೆಲ್ಲೋಸಿಸ್‌ನಲ್ಲಿ ಕಾಣುವ ತೊಂದರೆಗಳು. ಇದೇ ಕುಲದ ಬ್ಯಾಕ್ಟೀರಿಯವನ್ನು ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ದೇಹದಿಂದ ಬೇರ್ಪಡಿಸಿದ್ದರು. ಆ ಜ್ವರ ಮೇಕೆಯ ಹಸಿ ಹಾಲಿನಿಂದ ಬರುತ್ತಿತ್ತೆಂಬುದು ಗೊತ್ತಾದದ್ದು ಆಮೇಲೆ.

ಸೋಂಕು ತಗುಲಿ ವಾರಗಳ ನಂತರ, ಕೆಲವೊಮ್ಮೆ ತಿಂಗಳುಗಳ ನಂತರ ಜ್ವರ ಶುರುವಾಗುವುದರಿಂದ ರೋಗಿಗೆ ಹಸುವಿನ ಘಟನೆ ನೆನಪೇ ಇರುವುದಿಲ್ಲ. ಟೈಫಾಯ್ಡ್ ಎಂದು ಒಂದು ವಾರ ಮಾತ್ರೆ, ಮತ್ತೆ ಮಲೇರಿಯಾ ಎಂದು ಪರೀಕ್ಷೆ, ಕೊನೆಗೆ ಬೆನ್ನುಮೂಳೆಯ ಕ್ಷಯವಿರಬಹುದೆಂಬ ಅನುಮಾನ, ಹೀಗೆ ತಿಂಗಳುಗಳು ಕಳೆದುಹೋಗುತ್ತವೆ. ಆದ್ದರಿಂದ ರಕ್ತದ ಕಲ್ಚರ್ ಮತ್ತು ಬ್ರುಸೆಲ್ಲಾ ಪ್ರತಿಕಾಯದ ಪರೀಕ್ಷೆಯನ್ನು ಮಾಡಿಸಬೇಕೆಂದು ತಮ್ಮನವರೇ ವೈದ್ಯರನ್ನು ಕೇಳಲಿ. ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸವೂ ಮಾಡುತ್ತದೆ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅನ್ನು ಆರು ವಾರ ಕೊಟ್ಟು, ಜೊತೆಗೆ ರಿಫಾಂಪಿಸಿನ್ ಅಥವಾ ಜೆಂಟಾಮೈಸಿನ್‌ನಂಥ ಇನ್ನೊಂದು ಔಷಧಿಯನ್ನು ಸೇರಿಸುತ್ತಾರೆ. ಒಂದೇ ಔಷಧಿಯಲ್ಲಿ ಮುಗಿಸಿದರೆ ಅಥವಾ ಜ್ವರ ಇಳಿಯಿತೆಂದು ಎರಡನೆಯ ವಾರಕ್ಕೇ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವುದು ಬೇಡ.

ಗರ್ಭಿಣಿಯವರನ್ನು ಲಕ್ಷಣಗಳಿಲ್ಲದಿದ್ದರೂ ಪರೀಕ್ಷಿಸಬೇಕು. ಈ ಸೋಂಕಿನಿಂದ ಹೆಣ್ಣುಮಕ್ಕಳಲ್ಲಿಯೂ ಗರ್ಭಪಾತವಾಗಬಹುದು, ಮೇಲೆ ಹೇಳಿದ ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೆ ಕೊಡುವ ಔಷಧಿಯಲ್ಲ. ಹಾಗಾಗಿ ಪ್ರಸೂತಿ ತಜ್ಞರಿಗೆ ಹಸುವಿನ ವಿಷಯವನ್ನು ಮೊದಲೇ ತಿಳಿಸಿ. ಮನುಷ್ಯರಿಗೆ ಈ ರೋಗಕ್ಕೆ ಬಳಕೆಯಲ್ಲಿರುವ ಲಸಿಕೆ ಇಲ್ಲ.

ಹಾಲಿನ ಬಗ್ಗೆ ಅನವಶ್ಯಕ ಭಯ ಬೇಡ. ಉಕ್ಕಿ ಬರುವಂತೆ ಕಾಯಿಸಿದ ಹಾಲಿನಲ್ಲಿ ಈ ಬ್ಯಾಕ್ಟೀರಿಯ ಉಳಿಯುವುದಿಲ್ಲ. ಡೇರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಪಾಶ್ಚರೀಕರಿಸಿದರೂ ಸಾಯುತ್ತದೆ. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ಮೊಸರು, ಅದರಿಂದ ತೆಗೆದ ಬೆಣ್ಣೆ, ಚೆನ್ನಾಗಿ ಬೇಯಿಸಿದ ಗಿಣ್ಣು ಸುರಕ್ಷಿತ. ಬಿಡಬೇಕಾದದ್ದು ಮಕ್ಕಳಿಗೆ ಶಕ್ತಿ ಬರಲೆಂದು ಕರೆದ ಕೂಡಲೇ ಕುಡಿಸುವ ನೊರೆಹಾಲನ್ನು. ಪಕ್ಕದ ಮನೆಗೆ ಹಸಿ ಹಾಲನ್ನು ವರ್ತನೆ ಕೊಡುತ್ತಿದ್ದರೆ ಅದನ್ನು ನಿಲ್ಲಿಸಿ, ಕಾರಣವನ್ನೂ ಹೇಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಮ್ಮನ ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲಾ ಇರುವುದು ಗೊತ್ತಾಗಿ ಚಿಕಿತ್ಸೆ ಆರಂಭವಾಗಿದೆ. ಅವನ ಹೆಂಡತಿಯ ಪರೀಕ್ಷೆ ನೆಗೆಟಿವ್ ಬಂದಿದ್ದು, ಅವರು ತವರಿಗೆ ಹೋಗಿದ್ದಾರೆ. ಹಸುಗಳ ಪೈಕಿ ಕಂದು ಹಾಕಿದ ಎರಡೂ, ಕರು ಸತ್ತ ಮೂರನೆಯದೂ ಎರಡು ಪರೀಕ್ಷೆಗಳಲ್ಲಿಯೂ ಪಾಸಿಟಿವ್ ಬಂದಿವೆ. ಉಳಿದ ಐದೂ ನೆಗೆಟಿವ್. ದಲ್ಲಾಳಿಗೆ ಕೊಡುವುದಿಲ್ಲವೆಂದು ಹೇಳಿದ್ದೇವೆ.

ಈಗ ಉಳಿದಿರುವ ಪ್ರಶ್ನೆಗಳು ಎರಡು. ಪದೇ ಪದೇ ಬೆದೆಗೆ ಬರುವ ಹಸುವಿಗೆ ಕಂದು ರೋಗವಿಲ್ಲ ಎಂದಾದರೆ ಅದು ಗಬ್ಬ ಏಕೆ ನಿಲ್ಲುತ್ತಿಲ್ಲ? ಈ ಸಲ ಬೆದೆಗೆ ಬಂದಾಗ ಗಮನಿಸಿ ನೋಡಿದೆ, ತೋರೆ (ಬೆದೆಯಲ್ಲಿ ಸೋರುವ ಲೋಳೆ) ತಿಳಿಯಾಗಿಯೇ ಇದ್ದರೂ ನಡುನಡುವೆ ಬಿಳಿಯ ಸಣ್ಣ ಎಳೆಗಳಿದ್ದವು. ಎರಡನೆಯದಾಗಿ, ಮೂರು ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸಬಹುದೇ? ಎರಡಕ್ಕೆ ಐದಾರು ತಿಂಗಳು, ಒಂದಕ್ಕೆ ವರ್ಷ ದಾಟಿದೆ. ದೊಡ್ಡ ಹಸುಗಳಿಗೂ ಹಾಕಿಸಿಬಿಡಬಹುದಲ್ಲವೇ?

ಉತ್ತರ: ಪಶುವೈದ್ಯ, ಹಾಸನ ಜಿಲ್ಲೆ

ತಮ್ಮನವರಿಗೆ ರೋಗ ಪತ್ತೆಯಾಗಿ ಚಿಕಿತ್ಸೆ ಸಿಕ್ಕಿದ್ದು ನೆಮ್ಮದಿಯ ವಿಷಯ. ಆರು ವಾರವನ್ನು ಪೂರ್ತಿ ಮುಗಿಸಲು ಮನೆಯವರೆಲ್ಲ ಒತ್ತಾಯಿಸಿ.

ಲಸಿಕೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಮ್ಮಲ್ಲಿ ಕೊಡುವುದು ಎಸ್-19 ಎಂಬ ಲಸಿಕೆ. ಅದರಲ್ಲಿರುವುದು ಶಕ್ತಿ ಕುಂದಿದ, ಆದರೆ ಜೀವಂತ ಬ್ರುಸೆಲ್ಲಾ. ಇದನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡುತ್ತಾರೆ. ಗಬ್ಬದ ಹಸುವಿಗೆ ಕೊಟ್ಟರೆ ಲಸಿಕೆಯಿಂದಲೇ ಗಬ್ಬ ಹೋಗಬಹುದು. ದೊಡ್ಡ ಹಸುವಿಗೆ ಕೊಟ್ಟರೆ ಪ್ರತಿಕಾಯಗಳು ಬಹುಕಾಲ ಉಳಿದು, ಮುಂದೆ ರಕ್ತ ಪರೀಕ್ಷೆಯಲ್ಲಿ ಪಾಸಿಟಿವ್ ಬಂದಾಗ ಅದು ರೋಗದ್ದೋ ಲಸಿಕೆಯದ್ದೋ ಎಂದು ಹೇಳುವುದು ಕಷ್ಟವಾಗುತ್ತದೆ. ಗಂಡು ಕರುಗಳಿಗೂ ಕೊಡುವುದಿಲ್ಲ. ಆದ್ದರಿಂದ ತಮ್ಮ ಎರಡು ಚಿಕ್ಕ ಕರುಗಳಿಗೆ ಈ ವಾರವೇ ಹಾಕಿಸಿ, ವರ್ಷ ದಾಟಿದ ಮಣಕವನ್ನು ಬಿಡಿ. ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲೋಸಿಸ್ ಎರಡಕ್ಕೂ ಸೇರಿ ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಇದು ಉಚಿತ. ಕಿವಿಯೋಲೆಯ ಸಂಖ್ಯೆಯೊಂದಿಗೆ ಲಸಿಕೆಯ ದಾಖಲೆಯೂ ಉಳಿಯುತ್ತದೆ. ಲಸಿಕೆ ಹಾಕುವಾಗ ಕರುವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಏಕೆಂದರೆ ಸೂಜಿ ಹಾಕುವವರ ಕೈಗೆ ಚುಚ್ಚಿದರೆ ಅವರಿಗೇ ಸೋಂಕು ತಗಲುತ್ತದೆ. ನನ್ನ ಸಹೋದ್ಯೋಗಿಗಳು ಗವಸು, ಕನ್ನಡಕ ಧರಿಸಿ ಬಂದಾಗ ಹಳ್ಳಿಯವರು ಇಷ್ಟೊಂದು ಏಕೆ ಎಂದು ಕೇಳುತ್ತಾರೆ, ಕಾರಣ ಇದು.

ಲಸಿಕೆ ನೂರಕ್ಕೆ ನೂರು ತಡೆಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಈ ಕರುಗಳ ಪೈಕಿ ಯಾವುದಾದರೂ ಪಾಸಿಟಿವ್ ಬಂದ ಹಸುವಿನ ಹೊಟ್ಟೆಯಲ್ಲಿ ಹುಟ್ಟಿದ್ದರೆ ಅದರ ಮೇಲೆ ವಿಶೇಷ ಗಮನ ಬೇಕು. ಅಂಥ ಕರುಗಳಲ್ಲಿ ಕೆಲವು ಸೋಂಕನ್ನು ಒಳಗೇ ಇಟ್ಟುಕೊಂಡು, ರಕ್ತ ಪರೀಕ್ಷೆಯಲ್ಲೂ ತೋರದೆ ಬೆಳೆದು, ಮೊದಲ ಗಬ್ಬದಲ್ಲಿ ಕಂದು ಹಾಕುತ್ತವೆ. ಅವು ಮೊದಲ ಸಲ ಈಯುವಾಗ ಮಾಲೂರಿನ ಅಮ್ಮನವರು ವಿವರಿಸಿದಂಥ ಬೇರೆ ಜಾಗದಲ್ಲಿಯೇ ಈಯಿಸಿ.

ಇನ್ನು ಗಬ್ಬ ನಿಲ್ಲದ ಹಸು. ಕ್ರಮವಾಗಿ ಬೆದೆಗೆ ಬಂದು, ಹೊರನೋಟಕ್ಕೆ ಯಾವ ದೋಷವೂ ಇಲ್ಲದೆ, ಮೂರು ಅಥವಾ ಹೆಚ್ಚು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ಕಟ್ಟದಿದ್ದರೆ ಅದನ್ನು ನಾವು ಮರುಬೆದೆಯ ಹಸು ಎಂದು ಪರಿಗಣಿಸುತ್ತೇವೆ. ತಾವು ಕಂಡ ಬಿಳಿ ಎಳೆಗಳೇ ಇಲ್ಲಿ ಮುಖ್ಯವಾದ ಸುಳಿವು. ಅದು ಕೀವು. ಗರ್ಭಕೋಶದ ಒಳಪದರದಲ್ಲಿ ಸಣ್ಣ ಪ್ರಮಾಣದ ಸೋಂಕು ಉಳಿದುಕೊಂಡಿದೆ ಎಂದರ್ಥ. ಈದ ಮೊದಲ ದಿನಗಳಲ್ಲಿ ಬಹುತೇಕ ಎಲ್ಲ ಹಸುಗಳ ಗರ್ಭಕೋಶಕ್ಕೂ ಬ್ಯಾಕ್ಟೀರಿಯಗಳು ಸೇರುತ್ತವೆ, ಆರೋಗ್ಯವಾಗಿರುವ ಹಸು ಎರಡು ಮೂರು ವಾರಗಳಲ್ಲಿ ಅವನ್ನು ತಾನೇ ಹೊರಹಾಕುತ್ತದೆ. ಕಷ್ಟದ ಹೆರಿಗೆಯಾಗಿದ್ದರೆ, ಕಸ ನಿಂತಿದ್ದರೆ ಅಥವಾ ಕೈ ಹಾಕಿ ಎಳೆದಿದ್ದರೆ ಮೊದಲು ಸಗಣಿಯಲ್ಲಿರುವ ಇ. ಕೋಲೈ ನೆಲೆಯೂರಿ ಒಳಪದರವನ್ನು ಹಾಳುಮಾಡುತ್ತದೆ. ಆಮೇಲೆ ಟ್ರೂಪೆರೆಲ್ಲಾ ಪಯೋಜೀನಸ್, ಫ್ಯೂಸೋಬ್ಯಾಕ್ಟೀರಿಯಂ ಮುಂತಾದ ಕೀವುಕಾರಕಗಳು ಸೇರಿಕೊಳ್ಳುತ್ತವೆ. ಈದು ಮೂರು ವಾರ ಕಳೆದ ಮೇಲೂ ತೋರೆಯಲ್ಲಿ ಕೀವು ಕಂಡರೆ ಅದನ್ನು ಕಡೆಗಣಿಸಬಾರದು. ಇಂಥ ಗರ್ಭಕೋಶದಲ್ಲಿ ಅಂಡ ಫಲಿತವಾದರೂ ಭ್ರೂಣ ಕೆಲವೇ ದಿನಗಳಲ್ಲಿ ಸಾಯುತ್ತದೆ, ಹಸು ಏನೂ ಆಗದಂತೆ ಸರಿಯಾದ ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ.

ಆದ್ದರಿಂದ ಮುಂದಿನ ಬೆದೆಯಲ್ಲಿ ಇಂಜೆಕ್ಷನ್ ಕೊಡಿಸುವ ಬದಲು ತೋರೆಯನ್ನು ಪರೀಕ್ಷೆ ಮಾಡಿಸಿ. ತೋರೆಗೆ ಸಮಪ್ರಮಾಣದಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಸೇರಿಸಿ ಬಿಸಿ ಮಾಡಿದಾಗ ಹಳದಿ ಬಣ್ಣಕ್ಕೆ ತಿರುಗಿದರೆ ಸೋಂಕಿದೆ ಎಂದು ತಿಳಿಯುತ್ತದೆ. ಆಸ್ಪತ್ರೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಇದು. ಅನುಕೂಲವಿದ್ದರೆ ತೋರೆಯನ್ನು ಶುದ್ಧ ನಳಿಕೆಯಲ್ಲಿ ತೆಗೆಸಿ, ಯಾವ ಬ್ಯಾಕ್ಟೀರಿಯ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂಬ ಪರೀಕ್ಷೆಯನ್ನೂ ಮಾಡಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಪ್ರತಿ ಬೆದೆಗೂ ಕೈಗೆ ಸಿಕ್ಕ ಆ್ಯಂಟಿಬಯೋಟಿಕ್ ಅನ್ನು ಗರ್ಭಕೋಶಕ್ಕೆ ಬಿಡಿಸುತ್ತಾ ಹೋದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳು ಉಳಿಯುತ್ತವೆ, ಔಷಧಿಯ ಅಂಶವೂ ಹಾಲಿಗೆ ಸೇರುತ್ತದೆ. ಚಿಕಿತ್ಸೆ ಕೊಟ್ಟ ಅವಧಿಯ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬೇಡಿ. ಚಿಕಿತ್ಸೆಯ ನಂತರ ಒಂದು ಬೆದೆಯನ್ನು ಬಿಟ್ಟು, ತೋರೆ ಪೂರ್ತಿ ತಿಳಿಯಾದ ಮೇಲೆ ಇಂಜೆಕ್ಷನ್ ಕೊಡಿಸಿ.

ಇಂಜೆಕ್ಷನ್ ಕೊಡುವ ಕ್ರಮವನ್ನೂ ತಾವು ಪಕ್ಕದಲ್ಲಿ ನಿಂತು ನೋಡಬೇಕು. ದ್ರವ ಸಾರಜನಕದಿಂದ ತೆಗೆದ ವೀರ್ಯದ ಕಡ್ಡಿಯನ್ನು 37 ಡಿಗ್ರಿ ಬೆಚ್ಚಗಿನ ನೀರಿನಲ್ಲಿ 30 ಸೆಕೆಂಡು ಇಡಬೇಕು. ಅಂಗೈಯಲ್ಲಿ ಉಜ್ಜಿ ಅಥವಾ ಅಂಗಿಯ ಜೇಬಿನಲ್ಲಿಟ್ಟು ಕರಗಿಸುವುದು ತಪ್ಪು. ಯೋನಿಯ ಸುತ್ತಲಿನ ಸಗಣಿಯನ್ನು ತೊಳೆದು ಒರೆಸದೆ ವೀರ್ಯ ಬಿಡುವ ಗನ್ ಒಳಗೆ ಹೋದರೆ ಸಗಣಿಯ ಬ್ಯಾಕ್ಟೀರಿಯವೂ ಅದರೊಂದಿಗೆ ಗರ್ಭಕೋಶ ಸೇರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ಹಳೆಯ ನಿಯಮ ಈಗಲೂ ಸರಿ.

ಒಂದು ಮಾತು ಮೇವಿನ ಬಗ್ಗೆ. ತಮ್ಮ ಕಡೆ ಕಬ್ಬಿನ ಸೋಗೆಯನ್ನೇ ತಿಂಗಳುಗಟ್ಟಲೆ ಹಾಕುವ ರೂಢಿಯಿದೆ. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದುಕೊಳ್ಳುವುದರಿಂದ ಹಸುವಿಗೆ ಅದು ಸಿಗುವುದಿಲ್ಲ. ದಿನವೂ ಖನಿಜ ಮಿಶ್ರಣ ಕೊಡಿ. ಸೊರಗಿದ ಹಸುವಿಗೆ ಗರ್ಭಕೋಶದ ಸೋಂಕನ್ನು ತಾನೇ ತೊಳೆದುಕೊಳ್ಳುವ ಬಲವಿರುವುದಿಲ್ಲ.

ಉತ್ತರ: ಹಾಲು ಸಂಘದ ಕಾರ್ಯದರ್ಶಿ, ತುಮಕೂರು ಜಿಲ್ಲೆ

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಒಬ್ಬರ ಕೊಟ್ಟಿಗೆಯಲ್ಲಿ ಎಷ್ಟೇ ಎಚ್ಚರ ವಹಿಸಿದರೂ ಊರಿನ ಉಳಿದ ಹಸುಗಳ ಸ್ಥಿತಿ ಗೊತ್ತಿಲ್ಲದಿದ್ದರೆ ಪ್ರಯೋಜನ ಅರ್ಧವೇ. ಹಾಲಿನಿಂದಲೇ ಮಾಡುವ ಮಿಲ್ಕ್ ರಿಂಗ್ ಪರೀಕ್ಷೆಯಿದೆ. ಹಾಲಿಗೆ ಬಣ್ಣ ಹಾಕಿದ ಆ್ಯಂಟಿಜೆನ್ ಬೆರೆಸಿಟ್ಟರೆ, ಪ್ರತಿಕಾಯಗಳಿದ್ದಾಗ ಮೇಲಿನ ಕೆನೆಯಲ್ಲಿ ನೀಲಿ ಉಂಗುರ ಮೂಡುತ್ತದೆ. ಒಂದು ಮನೆಯ ಒಟ್ಟು ಹಾಲಿಗೆ ಇದನ್ನು ಮಾಡಿ, ಅನುಮಾನ ಬಂದ ಮನೆಗಳ ಹಸುಗಳ ರಕ್ತವನ್ನು ಮಾತ್ರ ತೆಗೆಸಿದರೆ ಖರ್ಚೂ ಶ್ರಮವೂ ಉಳಿಯುತ್ತವೆ. ಕೆಚ್ಚಲು ಬಾವಿನ ಹಾಲಿನಲ್ಲಿಯೂ ಗಿಣ್ಣಿನಲ್ಲಿಯೂ ಇದು ತಪ್ಪು ಫಲಿತಾಂಶ ಕೊಡುವುದರಿಂದ ಇದನ್ನೇ ನಂಬಿ ಯಾವ ಹಸುವಿಗೂ ಮುದ್ರೆ ಒತ್ತಬಾರದು. ತಮ್ಮ ಸಂಘದ ಮುಂದಿನ ಸಭೆಯಲ್ಲಿ ಪಶುವೈದ್ಯರನ್ನು ಕರೆಸಿ ಇದನ್ನು ಪ್ರಸ್ತಾಪಿಸಿ. ಮನೆಗಳ ಹೆಸರನ್ನು ಗುಟ್ಟಾಗಿ ಇಡುತ್ತೇವೆಂದು ಮೊದಲೇ ಹೇಳಿದರೆ ಸದಸ್ಯರು ಒಪ್ಪುತ್ತಾರೆ.

ಪ್ರಶ್ನೆ ಕೇಳಿದವರಿಂದ

ಎರಡು ಕರುಗಳಿಗೆ ಲಸಿಕೆ ಹಾಕಿಸಿದ್ದಾಯಿತು. ಪಾಸಿಟಿವ್ ಬಂದ ಮೂರನ್ನೂ ಪಂಪ್‌ಹೌಸ್ ಪಕ್ಕದ ಹಳೆಯ ರೇಷ್ಮೆ ಮನೆಗೆ ಸಾಗಿಸಿದ್ದೇವೆ, ಅವುಗಳ ಬಕೆಟ್ಟು ಹಗ್ಗಗಳನ್ನೂ ಅಲ್ಲಿಯೇ ಇರಿಸಿದ್ದೇವೆ. ನೆಗೆಟಿವ್ ಬಂದ ಐದರಲ್ಲಿ ಎರಡು ಗಬ್ಬವಾಗಿವೆ. ಅವುಗಳ ರಕ್ತವನ್ನು ಮತ್ತೆ ಯಾವಾಗ ತೆಗೆಸಬೇಕು?

ಉತ್ತರ: ಪಶುವೈದ್ಯ, ಹಾಸನ ಜಿಲ್ಲೆ

ಐದನ್ನೂ ಒಂದು ತಿಂಗಳ ನಂತರ ತೆಗೆಸಿ. ಗಬ್ಬದ ಎರಡನ್ನು ಈದ ಎರಡು ಮೂರು ವಾರಗಳಿಗೆ ಇನ್ನೊಮ್ಮೆ ತೆಗೆಸಿ, ಏಕೆಂದರೆ ಗಬ್ಬದಲ್ಲಿ ಅಡಗಿದ್ದ ಸೋಂಕು ರಕ್ತದಲ್ಲಿ ಸ್ಪಷ್ಟವಾಗುವುದು ಸಾಮಾನ್ಯವಾಗಿ ಆಗಲೇ. ಆ ನಡುವೆ ಯಾವುದರ ಗಬ್ಬ ಹೋದರೂ, ರಾತ್ರಿಯಾಗಿದ್ದರೂ, ಕಸವನ್ನು ಮುಟ್ಟದೆ ಗೋಣಿಚೀಲ ಮುಚ್ಚಿ, ನಾಯಿ ಬಾರದಂತೆ ಕಾದು, ಪಶುಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಅಥವಾ ತಮ್ಮ ಆಸ್ಪತ್ರೆಯ ವೈದ್ಯರಿಗೆ ಕರೆ ಮಾಡಿ. ಒಂದಾದ ಮೇಲೊಂದರಂತೆ ಎರಡು ಪರೀಕ್ಷೆಗಳಲ್ಲಿ ಎಲ್ಲವೂ ನೆಗೆಟಿವ್ ಬರುವವರೆಗೆ ಹೊಸ ಹಸುವನ್ನು ಕೊಟ್ಟಿಗೆಗೆ ತರಬೇಡಿ.